ಹೊಗೆ ಡ್ರಮ್ಮಿನ ಹೊಸತೊಡಕು

ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಮಾಡಿ ಮಾಡಿ ಅಂಜಿನಯ್ಯನ ಮೂಗು ಸತ್ತುಹೋಗಿತ್ತು. ಮಲ್ಲಿಗೆ ಹೂವನ್ನೂ ಸೀಮೆಎಣ್ಣೆಯನ್ನೂ ಅವನು ಕಣ್ಣಿನಿಂದ ನೋಡಿಯೇ ಗುರುತು ಹಿಡಿಯಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಂಬತ್ನಾಲ್ಕರ ಯುಗಾದಿಯ ಮಾರನೆಯ ದಿನ ಮೂಡಲಪಾಳ್ಯದ ಆ ಬೀದಿಯಲ್ಲಿ ನಡೆದದ್ದಕ್ಕೆ ಅರ್ಧ ಕಾರಣ ಆ ಮೂಗು. ಮಿಕ್ಕ ಅರ್ಧ ಅವನ ಅತ್ತೆ ಮುನಿತಾಯಮ್ಮ.

ಅಂಜಿನಯ್ಯ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ವೆಲ್ಡರು. ಅಲ್ಲಿ ಅವನ ಕೆಲಸಕ್ಕೆ ಹೆಸರಿತ್ತು. ಮನೆಯಲ್ಲಿ ಮಾಡಿದ ಕೆಲಸಕ್ಕೂ ಹೆಸರಿತ್ತು, ಬೇರೆ ಥರ. ಒಂದು ಸಲ ರುಬ್ಬುಗುಂಡಿಗೆ ಮೋಟರು ಕಟ್ಟಿದ್ದ. ಉದ್ದಿನ ಹಿಟ್ಟು ಹಾರಿ ಸೂರಿಗೆ ಮೆತ್ತಿಕೊಂಡು, ಅದರ ಗುರುತು ಐದು ವರ್ಷವಾದರೂ ಹೋಗಿರಲಿಲ್ಲ. ಬಚ್ಚಲ ಹಂಡೆಗೆ ಪೈಪು ಕೂರಿಸಿದ್ದ. ಬಿಸಿನೀರು ಬಂತು, ಆದರೆ ಪಕ್ಕದ ಮನೆಯ ಉಗ್ರಪ್ಪನ ಪಾಯದೊಳಕ್ಕೆ ಬಂತು. ಇಷ್ಟೆಲ್ಲ ಹುಟ್ಟುತ್ತಿದ್ದದ್ದು ಹಿತ್ತಲ ತಗಡಿನ ಶೆಡ್ಡಿನಲ್ಲಿ. ಹತ್ತಡಿ ಉದ್ದ, ಎಂಟಡಿ ಅಗಲ. ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಒಂದು ಹಳೆಯ ಡ್ರಿಲ್ಲಿಂಗ್ ಮೆಷಿನ್ನು, ಡಬ್ಬಗಳ ತುಂಬ ನಟ್ಟು ಬೋಲ್ಟು. ಆ ಶೆಡ್ಡಿಗೆ ಹೋಗಿ ಕೂತರೆ ಅಂಜಿನಯ್ಯನಿಗೆ ಊಟ ಬೇಡ, ನೀರು ಬೇಡ.

ಅವನ ಹೆಂಡತಿ ಪುಟ್ಟಲಕ್ಷ್ಮಿಗೆ ಆ ಶೆಡ್ಡಿನ ಮೇಲೆ ಮೊದಲಿಂದ ಕಣ್ಣು. ಕೆಂಗೇರಿಯಲ್ಲಿದ್ದ ಅವಳ ಅಣ್ಣ ಒಂದು ಕಡಸು ಕೊಡುತ್ತೇನೆ ಎಂದು ವರ್ಷದಿಂದ ಹೇಳುತ್ತಿದ್ದ. ಹಸು ಕಟ್ಟುವುದಕ್ಕೆ ಅವಳ ಹತ್ತಿರ ಹಗ್ಗವಿತ್ತು, ಗಂಟೆಯಿತ್ತು. ಜಾಗವಿರಲಿಲ್ಲ.

ಹೀಗಿರುವಾಗ ಕಾರ್ಖಾನೆಯ ಎಂಜಿನಿಯರು ಶ್ಯಾಮಸುಂದರ ಯಾವುದೋ ಮೆಷಿನ್ನು ಕಲಿಯಲು ಮೂರು ತಿಂಗಳು ಫಾರಿನ್ನಿಗೆ ಹೋಗಿ ಬಂದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಲ್ಲಿಯ ಕತೆ ಹೇಳುತ್ತ ಕೂತರು.

"ಅಲ್ಲೊಬ್ಬ ಎಣ್ಣೆ ಡ್ರಮ್ಮನ್ನ ನಿಲ್ಲಿಸಿ ಒಳಗೆ ಮಾಂಸ ನೇತುಹಾಕ್ತಾನೆ ಕಣಯ್ಯಾ. ಬೆಂಕಿ ತಗಲೋ ಹಾಗಿಲ್ಲ. ಬರೀ ಹೊಗೆ. ಬೆಳಗ್ಗೆ ಹಾಕಿದ್ರೆ ತೆಗೆಯೋದು ಮಧ್ಯಾಹ್ನದ ಮೇಲೆ. ಬೆಣ್ಣೆ ಥರ ಆಗೋಗುತ್ತಂತೆ."

"ರುಚಿ ಹೆಂಗಿತ್ತು ಸಾರ್?"

"ನಾನೆಲ್ಲಿ ತಿನ್ಲಿ? ನಾನು ಮೂರು ತಿಂಗಳೂ ಬ್ರೆಡ್ಡು, ಚಟ್ನಿಪುಡಿ. ಮುಟ್ಟಲೂ ಇಲ್ಲ. ಅಳತೆ ಮಾತ್ರ ತಗೊಂಡು ಬಂದೆ."

ತಗೊಂಡೂ ಬಂದಿದ್ದರು. ಜಾಬ್ ಕಾರ್ಡಿನ ಹಿಂದೆ ಮುಂಭಾಗ ಒಂದು, ಮೇಲ್ಭಾಗ ಒಂದು ಚಿತ್ರ ಬರೆದರು. ತಳದಿಂದ ಒಂದಡಿಗೆ ಜಾಲರಿ, ಕೆಳಗೆ ಗಾಳಿ ಕಿಂಡಿ, ಮುಚ್ಚಳಕ್ಕೆ ಎರಡಿಂಚಿನ ಪೈಪು. ಬಾಡು ಮುಟ್ಟದ ಬ್ರಾಹ್ಮಣ ಬರೆದ ನಕ್ಷೆ, ವಾಸನೆ ಹಿಡಿಯದ ವೆಲ್ಡರಿನ ಕೈಗೆ ಸಿಕ್ಕಿತು. ಅಂಜಿನಯ್ಯ ಅದನ್ನು ನಾಲ್ಕು ಮಡಿಕೆ ಮಡಚಿ ಅಂಗಿಯ ಎಡಗಡೆಯ ಜೇಬಿನಲ್ಲಿ ಇಟ್ಟುಕೊಂಡ.

ಡ್ರಮ್ಮು ಸಿಕ್ಕಿದ್ದು ಕಾಮಾಕ್ಷಿಪಾಳ್ಯದ ಒಂದು ಗುಜರಿ ಅಂಗಡಿಯಲ್ಲಿ, ಮೇಲಿನ ತಟ್ಟೆ ಮೊದಲೇ ಕತ್ತರಿಸಿದ್ದು. "ಕಡ್ಲೆಕಾಯಿ ಎಣ್ಣೆ ಡ್ರಮ್ಮಣ್ಣ, ದೇವ್ರಾಣೆ," ಎಂದ ಅಂಗಡಿಯವನು. ನಂಬುವುದು ಹೇಗೆ? ವಾಸನೆ ನೋಡುವುದಕ್ಕೆಂದೇ ಅಂಜಿನಯ್ಯ ಉಗ್ರಪ್ಪನನ್ನು ಜೊತೆಗೆ ಕರೆತಂದಿದ್ದ. ಉಗ್ರಪ್ಪ ಪಂಚೆ ಎತ್ತಿ ಕಟ್ಟಿ, ಸೊಂಟದವರೆಗೂ ಡ್ರಮ್ಮಿನೊಳಕ್ಕೆ ಬಗ್ಗಿದ.

"ಕಡ್ಲೆಕಾಯಿ ಎಣ್ಣೆನೇ ಕಣಪ್ಪಾ," ಎಂದು ಒಳಗಿನಿಂದ ದನಿ ಬಂತು, ಗುಡಿಯೊಳಗಿಂದ ದೇವರು ಮಾತಾಡಿದ ಹಾಗೆ. ತನ್ನ ದನಿ ಅಷ್ಟು ಗಂಭೀರವಾಗಿ ಕೇಳಿದ್ದು ಉಗ್ರಪ್ಪನಿಗೆ ಅದೇ ಮೊದಲು. ಅವನು ಹೊರಗೆ ಬರಲಿಲ್ಲ. "ಸ್ವಾಮೀ ನನ್ನಪ್ಪಾ" ಎಂದು ಒಂದು ಭಜನೆ ಎತ್ತಿಕೊಂಡ. ಎರಡು ನುಡಿ ಮುಗಿಯುವವರೆಗೆ ಅಂಜಿನಯ್ಯ ಕಾದು, ಆಮೇಲೆ ಪಂಚೆ ಹಿಡಿದು ಈಚೆಗೆ ಎಳೆದ.

ಗಾಡಿ ಮಾಡಲಿಲ್ಲ. ಮೂಡಲಪಾಳ್ಯದವರೆಗೂ ಉರುಳಿಸಿಕೊಂಡೇ ಬಂದರು. ಆ ಸದ್ದಿಗೆ ದಾರಿಯ ನಾಯಿಗಳೆಲ್ಲ ಹಿಂದೆ ಬಿದ್ದವು. ಇಳಿಜಾರಿನಲ್ಲಿ ಡ್ರಮ್ಮು ಕೈತಪ್ಪಿ ಮುಂದೆ, ಇವರಿಬ್ಬರು ಹಿಂದೆ, ನಾಯಿಗಳು ಇವರ ಹಿಂದೆ. ಒಂದು ಬಸ್ಸು ನಿಂತು ದಾರಿ ಬಿಟ್ಟುಕೊಟ್ಟಿತು. ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, "ಟಿಕೆಟ್ ತಗೊಂಡಿದೀರಾ?" ಎಂದ.

ಎರಡು ಭಾನುವಾರ ಹಿಡಿಯಿತು. ಒಳಗೆ ತೆಂಗಿನ ಗರಿ ತುಂಬಿ ಉರಿಸಿ ಬಣ್ಣ, ಎಣ್ಣೆ ಎಲ್ಲ ಸುಟ್ಟ. ಇಟ್ಟಿಗೆ ಪುಡಿಯಿಂದ ಉಜ್ಜಿದ. ಒಂದು ಗೇಣಿನ ಬಾಗಿಲು ಕತ್ತರಿಸಿ ಕೀಲು ಕೂರಿಸಿದ. ಗಾಳಿ ಕಿಂಡಿಗೆ ಹಿಂದೆ ಮುಂದೆ ಜಾರುವ ತಗಡು ಇಟ್ಟ. ಮುಚ್ಚಳದ ಪೈಪಿಗೆ ಟೋಪಿ ಮಾಡಿದ. ಒಳಗೆ ಅಡ್ಡ ಕಂಬಿ, ಕಂಬಿಗೆ ಹತ್ತು ಕೊಕ್ಕೆ. ಹತ್ತೇ ಏಕೆಂದರೆ ಆ ಬೀದಿಯಲ್ಲಿ ಹೊಸತೊಡಕಿಗೆ ಹತ್ತು ಮನೆಯವರು ಸೇರಿ ಒಂದು ಮರಿ ಕಡಿಸುತ್ತಿದ್ದರು. ಯುಗಾದಿಯ ದಿನ ಹೋಳಿಗೆ, ಮಾರನೆಯ ದಿನ ಬಾಡು, ಅದು ಅಜ್ಜನ ಕಾಲದಿಂದ ಬಂದದ್ದು. ಬಾಡನ್ನು ಮುತ್ತುಗದ ಎಲೆಯ ಮೇಲೆ ಹತ್ತು ಗುಡ್ಡೆ ಮಾಡಿ ಹಂಚುವುದು ಉಗ್ರಪ್ಪನ ಪಾಲಿನ ಕೆಲಸ.

ಅಂಜಿನಯ್ಯ ಮನೆ ಮನೆಗೆ ಹೋಗಿ ಕೇಳಿದ. "ನಿಮ್ಮ ಗುಡ್ಡೇಲಿ ಒಂದೇ ಒಂದು ಉದ್ದನೆ ತುಂಡು ನನಗೆ ಕೊಡಿ. ಮಧ್ಯಾಹ್ನ ನಮ್ಮ ಹಿತ್ತಲಲ್ಲೇ ಮನೆಗೊಬ್ಬರಿಗೆ ಊಟ."

ಒಪ್ಪಿದರು. ರುಬ್ಬುಗುಂಡಿಯ ಕತೆ ನೋಡಿದವರು ಇದನ್ನು ನೋಡದೆ ಬಿಡುತ್ತಾರೆಯೇ?

ಪುಟ್ಟಲಕ್ಷ್ಮಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು.

"ನೋಡಿ, ಇದೇ ಕೊನೆ. ಹತ್ತು ಮನೆಯವರ ಬಾಡು. ನೀವು ಹೊಗೆ ಹಾಕಿದ ಬಾಡನ್ನ ಎಲ್ಲರೂ ಎಲೇಲಿ ಚೂರೂ ಬಿಡದೆ ತಿಂದ್ರೆ, ನಾನು ಹಸು ಅನ್ನೋ ಮಾತು ಎತ್ತಲ್ಲ. ಒಂದು ಎಲೇಲಿ ಮಿಕ್ತು ಅಂದ್ರೂ ಶೆಡ್ಡು ನನ್ನ ಹಸೂಗೆ."

"ಆಯ್ತು ಕಣೇ."

"ಸುಮ್ನೆ ಆಯ್ತು ಅನ್ಬೇಡಿ. ಅವ್ವನ ಮುಂದೆ ಹೇಳಿ."

ಹಿತ್ತಲ ಜಗಲಿಯ ಮೇಲೆ ಕೂತಿದ್ದ ಮುನಿತಾಯಮ್ಮನ ಮುಂದೆ ಅಂಜಿನಯ್ಯ ಮಾತು ಕೊಟ್ಟ. ಮುದುಕಿಗೆ ಎಂಬತ್ತರ ಹತ್ತಿರ. ಬಾಯಲ್ಲಿ ಒಂದೂ ಹಲ್ಲಿಲ್ಲ. ಆರು ವರ್ಷದಿಂದ ಹೊಸತೊಡಕಿಗೆ ಅವಳ ಪಾಲಿಗೆ ಮುದ್ದೆ, ಬರೀ ಎಸರು. "ನಂಗೇನು ಬಿಡು," ಎಂದಳು, "ನಾನು ಹೊಗೇನೇ ಕುಡೀತೀನಿ."

ಹೊಸತೊಡಕಿನ ದಿನ ಎಸ್ಟೇಟಿನಲ್ಲಿ ಅರ್ಧ ಜನಕ್ಕೆ ಹೊಟ್ಟೆನೋವು ಬರುವುದು ವಾಡಿಕೆ. ಅಂಜಿನಯ್ಯನಿಗೂ ಬಂತು. ಹೊತ್ತು ಮೂಡುವಷ್ಟರಲ್ಲಿ ಗುಡ್ಡೆ ಹಂಚಿ ಆಗಿತ್ತು. ಉಪ್ಪು, ಖಾರ, ಶುಂಠಿ ಬೆಳ್ಳುಳ್ಳಿ ಮೆತ್ತಿದ ಹತ್ತು ತುಂಡು ಹತ್ತು ಕೊಕ್ಕೆಗೆ ಏರಿದವು. ಯಾರದು ಯಾವುದು ಗೊತ್ತಾಗಲೆಂದು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಉಗ್ರಪ್ಪನದು ಕೆಂಪು. ಕೆಳಗೆ ಹುಣಸೆ ಕೆಂಡ. ಕೆಂಡದ ಮೇಲೆ ಮಾಗಡಿ ರಸ್ತೆಯ ಹಾಲಿನಂಗಡಿಯಿಂದ, ಅಂದರೆ ಕಬ್ಬಿನ ಹಾಲಿನಂಗಡಿಯಿಂದ, ಮೂಟೆ ಕಟ್ಟಿ ತಂದಿದ್ದ ಕಬ್ಬಿನ ಸಿಪ್ಪೆ. ಪುಟ್ಟಲಕ್ಷ್ಮಿ ಡ್ರಮ್ಮಿಗೆ ಅರಿಶಿನ ಕುಂಕುಮ ಇಟ್ಟಳು. ಪಂದ್ಯ ಪಂದ್ಯವೇ, ಪೂಜೆ ಪೂಜೆಯೇ.

ಟೋಪಿಯ ಕೆಳಗಿನಿಂದ ತೆಳ್ಳಗೆ ನೀಲಿ ಹೊಗೆ ಹೊರಟಿತು. ಅಂಜಿನಯ್ಯ ಅದನ್ನು ನೋಡಿ ನೋಡಿ ಡ್ರಮ್ಮಿನ ಸುತ್ತ ಮೂರು ಸುತ್ತು ಬಂದ. ಒಂದು ಸಲ ಕಿಂಡಿಯ ತಗಡು ಎರಡು ಬೆರಳು ಎಳೆಯುವನು, ಒಂದು ಸಲ ಒಂದು ಬೆರಳು ತಳ್ಳುವನು. ಹನ್ನೊಂದು ಗಂಟೆಗೆ ಮುಚ್ಚಳ ಎತ್ತಿ ನೋಡಿದ. ಬಾಡು ಹೊಸ ಮಡಕೆಯ ಬಣ್ಣಕ್ಕೆ ತಿರುಗಿತ್ತು. ಅವನಿಗೆ ಮದುವೆಯ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ.

ಬೀದಿಯವರು ಊಟಕ್ಕೆ ಬರುವ ಹೊತ್ತಾಯಿತು, ಮೈಯೆಲ್ಲ ಮಸಿ. "ಅತ್ತೆಮ್ಮಾ, ನಾನು ಸ್ನಾನ ಮಾಡ್ಕೊಂಡು ಬರ್ತೀನಿ. ಹೊಗೆ ಮಾತ್ರ ನಿಲ್ಲಬಾರದು. ಇದು ಬಾಗಿಲು, ಅದು ಸಿಪ್ಪೆ," ಎಂದು ತೋರಿಸಿ ಬಚ್ಚಲಿಗೆ ಹೋದ.

ಬಚ್ಚಲಲ್ಲಿ ತಣ್ಣೀರೇ. ಹಂಡೆ ಕೆಟ್ಟು ನಾಲ್ಕು ವರ್ಷ. ಆದರೂ ಅವನು ಹಾಡು ಹೇಳಿಕೊಂಡು ಮೈ ತಿಕ್ಕಿದ, ಆದ್ದರಿಂದ ತಡವಾಯಿತು. ತಿರುಗಿ ಬಂದು ನೋಡುತ್ತಾನೆ, ಪೈಪಿನಿಂದ ಬೆಳ್ಳನೆಯ ಹೊಗೆ ಸುರುಳಿ ಸುರುಳಿಯಾಗಿ, ದಪ್ಪಗೆ, ಉಗ್ರಪ್ಪನ ಸೂರನ್ನು ದಾಟಿ ಹೋಗುತ್ತಿದೆ. ಮುನಿತಾಯಮ್ಮ ಕಾಲು ಚಾಚಿ, ಗೆದ್ದವಳ ಹಾಗೆ ಕೂತಿದ್ದಾಳೆ.

"ಅತ್ತೆಮ್ಮಾ, ಭಲೇ."

"ನಿಂತೇ ಹೋಗಿತ್ತಪ್ಪಾ ಅಳಿಮಯ್ಯ. ನಾನು ಬಿಡ್ತೀನಾ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬೀದಿಯವರ ಮೂಗಿಗೂ ವಾಸನೆ ಬಡಿಯಿತು. ಆದರೆ ಉಗ್ರಪ್ಪನ ಮಗಳು ಬಾಣಂತನಕ್ಕೆ ಬಂದಿದ್ದಳು. ಎರಡು ತಿಂಗಳಿಂದ ದಿನಾ ಆ ಹೊತ್ತಿಗೆ ಕೂಸಿಗೆ ನೀರು ಹಾಕಿ ಹೊಗೆ ಕೊಡುವ ಘಮಲು ಬೀದಿಗೆಲ್ಲ ಬರುತ್ತಿತ್ತು. ಇದೂ ಅದೇ ಎಂದುಕೊಂಡರು. ಒಳಗೆ ಎಸರು ಕುದಿಸುತ್ತಿದ್ದ ಪುಟ್ಟಲಕ್ಷ್ಮಿಯೂ ಹಾಗೇ ಅಂದುಕೊಂಡಳು.

ಎರಡು ಗಂಟೆಗೆ ಹಿತ್ತಲಲ್ಲಿ ಎಲೆ ಹಾಕಿದರು. ಅಂಜಿನಯ್ಯ ಮುಚ್ಚಳ ತೆಗೆದ. ಕೊಕ್ಕೆ ಎತ್ತಿದರೆ ಬಾಡು ಮೂಳೆಯಿಂದ ತಾನಾಗಿ ಬಿಟ್ಟುಕೊಂಡಿತು. "ಓಹೋ" ಎಂದರು ಎಲ್ಲ. ದಾರ ನೋಡಿ ನೋಡಿ ಅವರವರ ಎಲೆಗೆ ಬಡಿಸಿದ, ತನ್ನ ಮನೆಯ ತುಂಡನ್ನು ಶಾಸ್ತ್ರಕ್ಕೆಂದು ಜಗಲಿಯ ಮೇಲೆ ಅತ್ತೆಯ ಎಲೆಗಿಟ್ಟ. ಬಡಿಸಿ, ಕೈ ಕಟ್ಟಿಕೊಂಡು ಶೆಡ್ಡಿನ ಬಾಗಿಲಿಗೆ ಒರಗಿ ನಿಂತ.

ಎಲ್ಲರೂ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆಂಗೈತೆ ಉಗ್ರಣ್ಣ?" ಎಂದ ಅಂಜಿನಯ್ಯ.

ಉಗ್ರಪ್ಪ ಕಣ್ಣು ಮುಚ್ಚಿ ಇನ್ನೊಂದು ಸಲ ಅಗಿದ. "ಮೆತ್ತಗೈತೆ ಕಣಪ್ಪಾ. ಉಪ್ಪು ಖಾರ ಸರಿಯಾಗೈತೆ. ಆದ್ರೆ, ಏನು ಹೇಳ್ಲಿ, ಬಾಯಿಗಿಟ್ರೆ ನನ್ನ ಮೊಮ್ಮಗಳ ನೆತ್ತಿಗೆ ಮುತ್ತು ಕೊಟ್ಟಂಗೆ ಆಗ್ತೈತೆ."

ಆಮೇಲೆ ಸಾಲಿನ ಆ ತುದಿಯಲ್ಲಿ ಯಾರೋ "ಸಾಂಬ್ರಾಣಿ" ಎಂದರು. ಅಷ್ಟೇ, ಕಟ್ಟೆ ಒಡೆಯಿತು. ಒಬ್ಬನಿಗೆ ಮುದ್ದೆ ನೆತ್ತಿಗೆ ಹತ್ತಿತು. ಒಬ್ಬ ತುಂಡನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. "ಮಂಗಳಾರತಿ ಎಷ್ಟೊತ್ತಿಗೆ ಪೂಜಾರಪ್ಪಾ?" ಎಂದ ಇನ್ನೊಬ್ಬ. "ನಾನು ತಿನ್ನಲ್ಲಪ್ಪ, ಕೂಸನ್ನ ತಿಂದಂಗಾಗ್ತದೆ," ಎಂದು ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಪಕ್ಕದವಳ ಮೇಲೆ ಬಿದ್ದಳು. ಎಲ್ಲರೂ ಬಾಡನ್ನು ಎಲೆಯ ಅಂಚಿಗೆ ಸರಿಸಿ ಎಸರಿಗೆ ಕೈ ಹಾಕಿದರು.

ಅಂಜಿನಯ್ಯ ಸಾಲನ್ನು ನೋಡಿದ. ಒಂದಲ್ಲ, ಒಂಬತ್ತು ಎಲೆಯಲ್ಲಿ ಮಿಕ್ಕಿತ್ತು. ಆಮೇಲೆ ಜಗಲಿಯ ಕಡೆ ನೋಡಿದ. ಮುನಿತಾಯಮ್ಮನ ಮಡಿಲ ಅಂಚಿನಲ್ಲಿ ಒಂದು ಖಾಲಿ ಕಾಗದದ ಪೊಟ್ಟಣ ಇಣುಕುತ್ತಿತ್ತು. ಉಗ್ರಪ್ಪನ ಮೊಮ್ಮಗಳಿಗೆ ಹೊಗೆ ಹಾಕಲೆಂದು ನಿನ್ನೆ ಅಂಜಿನಯ್ಯನೇ ಅತ್ತೆಯ ಕೈಗೆ ತಂದುಕೊಟ್ಟಿದ್ದ ಸಾಂಬ್ರಾಣಿಯದು. ಒಂಬತ್ತು ಹೆತ್ತು, ಊರಿನ ಮೂವತ್ತು ಕೂಸುಗಳಿಗೆ ಹೊಗೆ ಹಾಕಿದ ಮುದುಕಿ. ಹೊಗೆ ನಿಲ್ಲಬಾರದು ಎಂದರೆ ಅವಳ ಕೈ ಕಬ್ಬಿನ ಸಿಪ್ಪೆಗೆ ಹೋಗುತ್ತದೆಯೇ?

ಒಂದು ಮಾತು ಹೇಳಿದ್ದರೆ ಸಾಕಿತ್ತು. ತಪ್ಪು ಡ್ರಮ್ಮಿನದಲ್ಲ, ಇಗೋ ಪೊಟ್ಟಣ, ಎಂದಿದ್ದರೆ ಶೆಡ್ಡು ಉಳಿಯುತ್ತಿತ್ತು. ಅವನ ಬಾಯಿ ತೆರೆದೂ ಇತ್ತು.

ಆದರೆ ಮುನಿತಾಯಮ್ಮ ತಿನ್ನುತ್ತಿದ್ದಳು. ಎಸರನ್ನಲ್ಲ, ಬಾಡನ್ನು. ಬೆರಳಲ್ಲಿ ಎಳೆದರೆ ಎಳೆ ಎಳೆಯಾಗಿ ಬರುತ್ತಿತ್ತು. ವಸಡಿನ ನಡುವೆ ಇಟ್ಟು, ಕೆನ್ನೆ ಒಳಕ್ಕೂ ಹೊರಕ್ಕೂ ಆಡಿಸುತ್ತ, ಲೋಕವೇ ಬೇಡ ಎನ್ನುವ ಹಾಗೆ ತಿನ್ನುತ್ತಿದ್ದಳು. ಅವಳ ಎಲೆ ಆಗಲೇ ತೊಳೆದಿಟ್ಟ ಹಾಗಿತ್ತು.

ಅಂಜಿನಯ್ಯ ಬಾಯಿ ಮುಚ್ಚಿಕೊಂಡ. "ಸೋತೆ ಕಣೇ," ಎಂದ ಪುಟ್ಟಲಕ್ಷ್ಮಿಗೆ. "ಹೊಗೆ ನಂದೇ. ನಾಳೆ ಶೆಡ್ಡು ಖಾಲಿ ಮಾಡ್ತೀನಿ."

ಪುಟ್ಟಲಕ್ಷ್ಮಿಯೂ ಸೌಟು ಕೈಯಲ್ಲಿ ಹಿಡಿದು ಜಗಲಿಯನ್ನೇ ನೋಡುತ್ತಿದ್ದಳು.

"ಅವ್ವಾ, ಬಾಡು ತಿಂತಾ ಇದೀಯಾ?"

"ತಿನ್ನದೇನೇ. ಹಾಕು ಇನ್ನೊಂದು ತುಂಡ. ಎಷ್ಟು ಚೆನ್ನಾಗೈತೆ." ಮುನಿತಾಯಮ್ಮ ಬೆರಳು ನೆಕ್ಕಿ ಅಳಿಯನ ಕಡೆ ತಿರುಗಿದಳು. "ಆದ್ರೂ ಘಮ ಸಾಲದು ಅಳಿಮಯ್ಯ. ಒಂದು ಪೊಟ್ಟಣ ಎಲ್ಲಿಗೆ ಸಾಕು? ಮುಂದಿನ ಸಲ ಎರಡು ತಂದಿಡು, ನಾನೇ ಹಾಕ್ತೀನಿ."

ಈ ಸಲ ಎದ್ದ ನಗುವಿಗೆ ಪಕ್ಕದ ಮನೆಯ ಕೂಸು ಎಚ್ಚರವಾಯಿತು. ಉಗ್ರಪ್ಪ ನೆಲಕ್ಕೆ ಕೈ ಬಡಿದು ಬಡಿದು ನಕ್ಕ. ಪುಟ್ಟಲಕ್ಷ್ಮಿ ಸೌಟು ಕೆಳಗಿಟ್ಟು, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಕ್ಕು ಮುಗಿಸಿ ಮೂಗು ಒರೆಸಿಕೊಂಡು ಗಂಡನನ್ನು ನೋಡಿದಳು.

"ಗೊತ್ತಿತ್ತಾ ನಿಮಗೆ?"

"ಈಗ ಗೊತ್ತಾಯ್ತು."

"ಸುಳ್ಳು. ನೀವು ಆಗಲೇ ಪೊಟ್ಟಣ ನೋಡಿದ್ದನ್ನ ನಾನು ನೋಡ್ದೆ."

ಉಗ್ರಪ್ಪ ನ್ಯಾಯ ಹೇಳಲು ಎದ್ದು ನಿಂತ. "ಇದು ಪಂದ್ಯಾನೇ ಅಲ್ಲಮ್ಮಾ. ಅಂಜಿನಯ್ಯ ಸೋತಿಲ್ಲ, ನಿಮ್ಮವ್ವ ಸೋಲಿಸಿದ್ದು."

"ನೀವು ಸುಮ್ಕಿರಿ ಉಗ್ರಣ್ಣ. ಮಾತು ಅಂದ್ರೆ ಮಾತು. ಎಲೇಲಿ ಮಿಕ್ಕಿದೆ, ಹಸು ಬರುತ್ತೆ," ಎಂದಳು ಪುಟ್ಟಲಕ್ಷ್ಮಿ. ಆಮೇಲೆ ಗಂಡನಿಗೆ, "ಭಾನುವಾರ ಅವ್ವಂಗೆ ಇನ್ನೊಂದ್ಸಲ ಮಾಡಿಕೊಡಿ. ಸಾಂಬ್ರಾಣಿ ನಾನು ಬೀಗ ಹಾಕಿಡ್ತೀನಿ. ಡ್ರಮ್ಮು ಇಲ್ಲಿಂದ ಒಂದು ಗೇಣು ಅಲ್ಲಾಡಬಾರದು."

ಕಡಸು ವಾರದಲ್ಲಿ ಕೆಂಗೇರಿಯಿಂದ ನಡೆದುಕೊಂಡು ಬಂತು. ಶೆಡ್ಡಿನಲ್ಲಿ ಅದಕ್ಕೆ ಐದಡಿ, ವೈಸಿಗೆ ಮೂರಡಿ ಎಂದು ಪುಟ್ಟಲಕ್ಷ್ಮಿಯೇ ಕಡ್ಡಿ ಹಿಡಿದು ಅಳೆದಳು. ಡ್ರಮ್ಮು ಬಾಗಿಲಲ್ಲಿ. ಸಂಜೆ ಅದರಲ್ಲಿ ನಾಲ್ಕು ಕೆಂಡ, ಎರಡು ಹಿಡಿ ಬೇವಿನ ಸೊಪ್ಪು ಹಾಕಿದರೆ ಹಸುವಿನ ಹತ್ತಿರ ಒಂದು ಸೊಳ್ಳೆಯೂ ಸುಳಿಯುತ್ತಿರಲಿಲ್ಲ. ಭಾನುವಾರ ಕಬ್ಬಿನ ಸಿಪ್ಪೆ, ಮುನಿತಾಯಮ್ಮನ ತುಂಡು. ಎರಡನೆಯ ಸಲ ಬೀದಿಯವರೂ ಎಲೆ ನೆಕ್ಕಿದರು.

ರಜೆ ಮುಗಿಸಿ ಕೆಲಸಕ್ಕೆ ಹೋದ ದಿನವೇ ಶ್ಯಾಮಸುಂದರ ಪೆನ್ಸಿಲು ಹಿಡಿದು ಓಡಿಬಂದಿದ್ದರು. "ಹೇಗಾಯ್ತಯ್ಯಾ? ಎರಡಿಂಚು ಪೈಪು ಸಾಕಾಯ್ತಾ?"

"ಪೈಪು ಸರಿಯಾಗಿತ್ತು ಸಾರ್," ಎಂದ ಅಂಜಿನಯ್ಯ. "ನಕ್ಷೆಯಲ್ಲಿ ಅತ್ತೆ ಕೂರೋ ಜಾಗ ಒಂದು ಬಿಟ್ಟುಹೋಗಿತ್ತು. ಕಿಂಡಿಯಿಂದ ಆರಡಿ ದೂರ ಅಂತ ಬರ್ಕೊಳ್ಳಿ."

ಅವರು ನಿಜವಾಗಿಯೂ ಬರೆದುಕೊಂಡರು.