ಪಣಂಬೂರಿನ ಮರಳಿನಲ್ಲಿ

ದೊಡ್ಡ ಲಡಾಯಿ ಮುಗಿದ ವರ್ಷ. ಗಂಡ ನೋಣಯ್ಯ ಒನಕೆಯಿಂದ ಹೊಡೆದು ಎಡಗೈ ಮುರಿದ ಮೇಲೆ ದೇಯಿ ಮಂಗಳೂರಿನ ಹೊಳೆಯಾಚೆಯ ಬೆಂಗ್ರೆಯ ಅವನ ಮನೆಯಲ್ಲಿ ನಿಲ್ಲಲಿಲ್ಲ. ಅವನು ಮೀನಿಗೆ ಹೋದ ಬೆಳಿಗ್ಗೆಯೇ ಅಣ್ಣ ಮಾಯಿಲಪ್ಪ ಎತ್ತಿನ ಗಾಡಿ ತಂದ. ಸುರತ್ಕಲ್ಲಿನ ತಾಯಿಮನೆಗೆ ಆ ಕಡೆಯಿಂದ ರಸ್ತೆಯೆಂಬುದಿರಲಿಲ್ಲ. ಕಡಲು ಇಳಿದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆಯೇ ಗಾಡಿ ಹೊಡೆಯಬೇಕಿತ್ತು.

ಮದುವೆಯಾಗಿ ಬಂದ ಮೇಲೆ ಅವಳು ಈ ದಾರಿ ಕಂಡದ್ದೇ ಇಲ್ಲ. ಬಲಕ್ಕೆ ಕೇದಗೆಯ ಮೆಳೆ, ಎಡಕ್ಕೆ ಬಿಸಿಲಿಗೆ ಹೊಳೆಯುವ ಕಡಲು. ಗಾಡಿಯ ಮುಂದೆ ಏಡಿಗಳು ಗುಂಪುಗುಂಪಾಗಿ ಓಡಿ ಬಿಲ ಸೇರುತ್ತಿದ್ದವು. ದೂರದಲ್ಲಿ ಸಣ್ಣ ದೋಣಿಯೊಂದು ದಡದ ಗುಂಟ ಬರುತ್ತಿತ್ತು. ಕೈನೋವು ಮರೆತು ಅವಳು ಅದನ್ನೇ ನೋಡುತ್ತ ಕೂತಳು. ಪಣಂಬೂರು ದಾಟುವಾಗ ದೋಣಿ ಇತ್ತ ತಿರುಗಿತು. ಹುಟ್ಟು ಹಾಕುವವನ ಹೆಗಲು ಕಂಡದ್ದೇ ಗಂಡನೆಂದು ಅವಳಿಗೆ ಗೊತ್ತಾಯಿತು. ಯಾರೋ ಅವನಿಗೆ ಸುದ್ದಿ ಮುಟ್ಟಿಸಿದ್ದರು.

“ಅಣ್ಣಾ, ಬಂದ! ಗಾಡಿ ಓಡಿಸು!”

ಎತ್ತುಗಳು ಓಡುವ ಮೊದಲೇ ನೋಣಯ್ಯ ತೆರೆಗೆ ಹಾರಿ, ಹುಟ್ಟು ಎತ್ತಿಕೊಂಡು ನುಗ್ಗಿದ. ಮೊದಲ ಪೆಟ್ಟು ಮಾಯಿಲಪ್ಪನ ತಲೆಗೆ. ಅವನು ನೊಗದ ಮೇಲೆ ಬಿದ್ದು ಮರಳಿಗೆ ಉರುಳಿದ. ಕಿವಿಯಿಂದ ರಕ್ತ ಇಳಿಯಿತು. ಬಿದ್ದವನ ಪಕ್ಕೆಗೂ ಬಾರಿಸಿ, ನೋಣಯ್ಯ ದೇಯಿಯ ತುರುಬಿಗೆ ಕೈ ಹಾಕಿದ.

“ಎಲ್ಲಿಗೆ ಹೊರಟದ್ದು? ನನ್ನ ಮನೆಯಲ್ಲಿ ನಿನಗೆ ಎಂತ ಕಡಿಮೆ ಉಂಟು?”

ಗಾಡಿಯಿಂದ ಕೆಳಕ್ಕೆ ಎಳೆಯುವಾಗ ಬದಿಯ ಗೂಟವೊಂದು ಅವಳ ಬಲಗೈಗೆ ಕಿತ್ತು ಬಂತು. ನೀರಿನ ತನಕ ಎಳೆಸಿಕೊಂಡು ಹೋದವಳು, ಅಲ್ಲಿ ತಿರುಗಿ ಗೂಟ ಬೀಸಿದಳು. ಅವನ ಮೊಣಕಾಲಿನ ಚಿಪ್ಪು ಒಡೆದದ್ದು ತೆರೆಯ ಸದ್ದಿನಲ್ಲೂ ಕೇಳಿತು. ನೋಣಯ್ಯ ಮುಖ ಅಡಿಯಾಗಿ ನೀರಿಗೆ ಬಿದ್ದ.

“ಬಿಡು ಅವನನ್ನು, ಕಡಲು ಕೊಂಡುಹೋಗ್ಲಿ,” ಎಂದು ಮಾಯಿಲಪ್ಪ ಬಿದ್ದಲ್ಲಿಂದಲೇ ನರಳಿದ.

ದೇಯಿಗೆ ಹಾಗೆ ಬಿಡಲು ಮನಸ್ಸು ಬರಲಿಲ್ಲ. ಗೂಟವನ್ನು ಕಂಕುಳಿಗೆ ಸಿಕ್ಕಿಸಿ, ಕೂದಲು ಹಿಡಿದು ಅವನನ್ನು ಒಣ ಮರಳಿಗೆ ಎಳೆದು ಹಾಕಿದಳು. ನೀರು ಕಕ್ಕಿ ಉಸಿರು ಬಂದದ್ದೇ ಅವನು, “ಸುರತ್ಕಲ್ಲಿಗೇ ಬಂದು ನಿನ್ನ ಕುತ್ತಿಗೆ ಕಡಿತೇನೆ,” ಎಂದ.

ಅವಳು ಗೂಟ ಎತ್ತಿ ಇನ್ನೊಂದು ಮೊಣಕಾಲಿಗೂ ಹೊಡೆದಳು.

ಅವನ ಕಿರುಚಾಟಕ್ಕೆ ದೂರದಲ್ಲಿ ಬಲೆ ಎಳೆಯುತ್ತಿದ್ದವರು ಓಡಿ ಬರತೊಡಗಿದರು. ದೇಯಿ ಹಲ್ಲಿನಿಂದ ಸೆರಗು ಹರಿದು ಅಣ್ಣನ ತಲೆಗೆ ಸುತ್ತಿದಳು, ಅವರು ಮುಟ್ಟುವ ಮೊದಲೇ ಹೇಗೋ ಗಾಡಿಗೆ ಹತ್ತಿಸಿ ತಾನೇ ಹಗ್ಗ ಹಿಡಿದಳು. ತಾಯಿಮನೆಯ ಅಂಗಳ ಮುಟ್ಟಿದ ಮೇಲೆ ಅವಳು ಗಾಡಿಯಿಂದ ಇಳಿದಳು. ಚಕ್ರಕ್ಕೆ ಒರಗಿ ಕೂತು ಗೊಳೋ ಎಂದು ಅತ್ತಳು.

ಮಾಯಿಲಪ್ಪ ಬದುಕಿಕೊಂಡ, ಆದರೆ ಒಂದು ಕಿವಿ ಕೇಳದಾಯಿತು. ನೋಣಯ್ಯ ಮತ್ತೆ ಆ ದಾರಿಯಲ್ಲಿ ಬರಲಿಲ್ಲ.