ಖಾಲಿ ಕ್ಯಾನಿನ ಹಾಲುಗಾರ

ಮಾಧವಿ ಬೆಳಗ್ಗೆ ಐದೂವರೆಗೇ ಗೇಟಿನ ಬಳಿ ನಿಂತಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ಅವಳಿಗೆ ಪರೀಕ್ಷೆ ಬರೆಯುವ ಹುಡುಗಿಯಂತೆ ಎದೆ ಡವಗುಟ್ಟುತ್ತಿತ್ತು. ಹೊಸ ಹಾಲುಗಾರನನ್ನು ಪರೀಕ್ಷಿಸಲು ಅತ್ತೆ ಅಂಬುಜಮ್ಮ ಕೊಟ್ಟಿದ್ದ ಹತ್ತು ದಿನದ ಗಡುವು ಅಂದಿಗೆ ಮುಗಿಯುತ್ತಿತ್ತು. ಅಂದಿನ ಹಾಲಿನಲ್ಲಿ ಅತ್ತೆ ಪಾಲ್ಕೋವಾ ಸಿಹಿ ಮಾಡಿ ತೀರ್ಪು ಹೇಳುವವರಿದ್ದರು. ಸೋತರೆ ಮತ್ತೆ ಪ್ಯಾಕೆಟ್ ಹಾಲೇ ಗತಿ.

ಅಂಬುಜಮ್ಮನಿಗೆ ಹಾಲುಗಾರರೆಂದರೆ ಆಗದು. ಕೊಯಮತ್ತೂರಿನಲ್ಲಿ ಐವತ್ತು ವರ್ಷ ಸಂಸಾರ ಮಾಡಿ, ನೀರು ಬೆರೆಸದ ಒಬ್ಬನನ್ನೂ ಕಾಣದೆ ಪ್ಯಾಕೆಟ್ಟಿಗೆ ಶರಣಾದವರು. ಹತ್ತಿರದ ಸೂಲೂರಿನ ಹಾಲುಗಾರ ಚೆನ್ನಿಯಪ್ಪನ್ ಮದ್ದು ಹೊಡೆಯದ ಹುಲ್ಲನ್ನೇ ಹಸುಗಳಿಗೆ ಹಾಕುತ್ತಾನೆ, ಹಾಲು ಹೆಚ್ಚಲೆಂದು ಸೂಜಿ ಚುಚ್ಚುವುದಿಲ್ಲ ಎಂದು ಮಾಧವಿ ಹೇಳಿದಾಗ, "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ಮೂಗು ಮುರಿದಿದ್ದರು. ಆದರೂ ಒಂಬತ್ತು ದಿನ ಎಲ್ಲವೂ ಸೊಸೆಯ ಕಡೆಗೇ ವಾಲಿತ್ತು. ಕೆನೆ ದಪ್ಪಗೆ ಕಟ್ಟಿತು. ಹಾಲು ಕಂಡರೆ ಓಡುತ್ತಿದ್ದ ಮಗಳು ವಿಭಾ ಲೋಟವನ್ನೇ ನೆಕ್ಕಿದಳು. ಗಟ್ಟಿ ಹಾಲಿನ ಕಾಪಿ ಇಲ್ಲದೆ ಕಣ್ಣೇ ತೆರೆಯದ ಅತ್ತೆ ದಿನಾ ಎರಡೆರಡು ಲೋಟ ಇಳಿಸಿದರು. ಹೊಗಳಲು ಮಾತ್ರ ಬಾಯಿ ಬರಲಿಲ್ಲ.

ಅಂತೂ ಮೊಪೆಡ್ ಬಂತು. ಚೆನ್ನಿಯಪ್ಪನ್ ಕ್ಯಾನಿನ ಮುಚ್ಚಳ ತೆಗೆದು ತೋರಿಸಿದ. ಒಳಗೆ ತೊಟ್ಟು ಹಾಲಿಲ್ಲ.

"ಇನ್ನಿಕ್ಕಿ ಪಾಲು ಇಲ್ಲೀಂಗಮ್ಮಾ." ಇವತ್ತು ಹಾಲಿಲ್ಲ ಎಂದ.

ಮೂರು ಹಸುಗಳಲ್ಲಿ ಒಂದಕ್ಕೆ ಕೆಚ್ಚಲು ಬಾವು ಬಂದು, ಡಾಕ್ಟರು ನಿನ್ನೆ ಇಂಜೆಕ್ಷನ್ ಕೊಟ್ಟಿದ್ದರಂತೆ. ಮದ್ದು ಹಾಲಿಗೂ ಇಳಿಯುವುದರಿಂದ ಅದರ ಹಾಲನ್ನು ಕೆಲವು ದಿನ ಮಾರುವಂತಿಲ್ಲ. ಹೆಂಡತಿ ಸಾಂತಿ ಮರೆತು ಮೂರನ್ನೂ ಒಂದೇ ಕ್ಯಾನಿಗೆ ಕರೆದುಬಿಟ್ಟಳಂತೆ. ಅಷ್ಟನ್ನೂ ಗುಂಡಿಗೆ ಸುರಿದು, ಫೋನಿನಲ್ಲಿ ಹೇಳಿದರೆ ನಂಬಲಾರರೆಂದು ತಾನೇ ಬಂದಿದ್ದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಮಾಧವಿಗೆ ಅಳುವೇ ಬಂತು. ಅಷ್ಟರಲ್ಲಿ, ಎಲ್ಲವನ್ನೂ ಒಳಗಿನಿಂದಲೇ ಕೇಳಿಸಿಕೊಂಡಿದ್ದ ಅಂಬುಜಮ್ಮ ಹೊರಗೆ ಬಂದು ಕ್ಯಾನಿನೊಳಗೆ ಬಗ್ಗಿ ನೋಡಿದರು. ಆ ಹಾಲನ್ನೇ ಕೊಟ್ಟುಹೋಗಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ತಮಿಳಿನಲ್ಲಿ ಅವನನ್ನು ಕೇಳಿದರು. ಯಾರಿಗೂ ಇಲ್ಲ ಎಂದು ಅವನು ತಲೆ ಕೆರೆದುಕೊಂಡ.

ಅತ್ತೆ ಸೊಸೆಯ ಕಡೆ ತಿರುಗಿದರು. "ನೀರು ಹಾಕ್ಕೊಂಡು ಬಂದೋರನ್ನ ಬೇಕಾದಷ್ಟು ನೋಡಿದೀನಿ. ಖಾಲಿ ಕ್ಯಾನು ತಂದೋನು ಇವನೊಬ್ಬನೇ. ನಾಳೆಯಿಂದ ಅರ್ಧ ಲೀಟರು ಜಾಸ್ತಿ ಹಾಕೋಕೆ ಹೇಳು."

ಮಾಧವಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಇವತ್ತಿನ ಕಾಪಿಗೆ ಓಡಿಹೋಗಿ ಒಂದು ಪ್ಯಾಕೆಟ್ ತರಲೇ ಎಂದು ಕೇಳಿದಳು.

"ಪ್ಯಾಕೆಟ್ ಯಾಕೆ?" ಎಂದರು ಅಂಬುಜಮ್ಮ. "ಹಾಲಿಲ್ದೆ ಕುಡೀತೀನಿ. ಅವನಿಗೂ ಒಂದು ಲೋಟ ತಾ."