ಫೋನು ಒಪ್ಪದ ಮುಖ

"ಇದು ನಿನ್ನ ಮಾರಿ ಅಲ್ಲ ಬಿಡ. ಖರೆ ಹೇಳು, ಯಾರ ನೀನು? ಯಾರ ಹೆಸರಿನ ಮ್ಯಾಲೆ ಚೀಲ ಹೊತ್ಗೊಂಡು ಹೋಗಾಕ ಬಂದಿ?"

ಅಂಗನವಾಡಿಯ ಮೇಲ್ವಿಚಾರಕಿ ಮಂಜುಳಾ ಮೇಡಂ ಪ್ರಿಯಾಂಕಾಳ ಮುಖಕ್ಕೆ ನಾಲ್ಕನೇ ಸಲ ಫೋನು ಹಿಡಿದಳು. ಎಂಟು ತಿಂಗಳ ಬಸುರಿ ಪ್ರಿಯಾಂಕಾ ಗೋಡೆಗೆ ಕೈಕೊಟ್ಟು ನಿಂತಿದ್ದಳು. ಫೋನಿನ ಮೇಲೆ ಮತ್ತೆ ಕೆಂಪು ಬಂತು. ಐದು ತಿಂಗಳ ಹಿಂದೆ ಹೆಸರು ಹಚ್ಚಿದ ದಿನ ತೆಗೆದ ಫೋಟೋಕ್ಕೂ ಈ ಮುಖಕ್ಕೂ ತಾಳೆಯಿಲ್ಲ ಎಂದು ಅದರ ತಕರಾರು. ತಾಳೆಯಾದರೆ ಮಾತ್ರ ಬಸುರಿಗೆ ಬೇಳೆ, ಬೆಲ್ಲ, ಶೇಂಗಾದ ಚೀಲ. ಇಲ್ಲದಿದ್ದರೆ ಆಕೆ ಬಸುರಿಯೇ ಅಲ್ಲ.

"ನನ್ನ ಸೊಸೀರಿ ಮೇಡಮ್ಮಾರ" ಎಂದಳು ಅತ್ತೆ ದೇವವ್ವ. "ಎರಡು ವರ್ಷ ಆತು, ಒಂದ ಗಂಗಾಳದಾಗ ಉಣ್ಣಾಕತ್ತೀವಿ. ನನಗ ಗುರ್ತಿಲ್ಲೇನ್ರಿ?"

"ನಿನ್ನ ಗುರ್ತು ತಗೊಂಡು ನಾ ಏನ್ ಮಾಡ್ಲಿ? ಫೋನಿಗೆ ಗುರ್ತು ಹತ್ತಬೇಕು."

ಮೇಡಂಗೆ ಅವಸರವಿತ್ತು. ಅಂಗನವಾಡಿಯ ಮುಂದೆ ಪೆಂಡಾಲು ಎದ್ದಿತ್ತು. ತಾಯಿ ಮಗುವಿನ ಆರೋಗ್ಯದ ಉತ್ಸವವಂತೆ. ಹನ್ನೆರಡಕ್ಕೆ ಗದಗಿನಿಂದ ಸಾಹೇಬರು ಬಂದು ದೀಪ ಹಚ್ಚುವುದು, ಭಾಷಣ ಮಾಡುವುದು, ಬಸುರಿಯರ ನಡುವೆ ಕೂತು ಫೋಟೋ ತೆಗೆಸಿಕೊಳ್ಳುವುದು. ಅಷ್ಟರೊಳಗೆ ಯಾದಿಯ ಮೂವತ್ತು ಹೆಸರೂ ಹಸಿರಾಗಬೇಕು. ಇಪ್ಪತ್ತೊಂಬತ್ತು ಆಗಿದ್ದವು. ಉಳಿದ ಒಂದು ಕೆಂಪು ಕೆಳಗಿನ ಕೇರಿಯದು.

ಗದ್ದಲ ಕೇಳಿ ಸಕ್ರಪ್ಪ ಬಂದ. ಪಂಚಾಯ್ತಿಗೆ ಅಧ್ಯಕ್ಷೆ ಅವನ ಹೆಂಡತಿ ಸುಮಿತ್ರವ್ವ, ಆದರೆ ಊರು ಅಧ್ಯಕ್ಷರೇ ಎಂದು ಕರೆಯುವುದು ಇವನನ್ನು. ಆಕೆ ಸಹಿ ಮಾಡಬೇಕಾದರೆ ಪೆನ್ನೂ ಇವನ ಕಿಸೆಯಿಂದಲೇ ಬರಬೇಕು. ಈಗಲೂ ಸುಮಿತ್ರವ್ವ ಸ್ಟೇಜಿನ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದಳು.

"ಏನಂತಾಳ ಮುದುಕಿ? ಹೊಂದವಲ್ದಂದ್ರ ಯಾವಾಕಿನೋ ತಂದು ನಿಲ್ಲಿಸ್ಯಾಳ ನೋಡ್ರಿ, ಎರಡು ಚೀಲ ಹೊಡಿಯಾಕ. ಈ ಕೇರಿ ರಂಡೇರಿಗೆ ಯಾರ ಹೊಟ್ಟಿ ಯಾರದಂತ ತಮಗ ಗೊತ್ತಿರಂಗಿಲ್ಲ, ಪಾಪ, ಫೋನಿಗೇನ್ ಗೊತ್ತಾಕ್ಕೈತಿ!"

ಪೆಂಡಾಲಿನಲ್ಲಿದ್ದ ನಾಲ್ಕು ಬಿಳಿ ಅಂಗಿಗಳು ಹೊಟ್ಟೆ ಹಿಡಿದು ನಕ್ಕವು.

ಈ ಸಕ್ರಪ್ಪನ ಚರಿತ್ರೆ ದೇವವ್ವನಿಗೆ ಗೊತ್ತಿಲ್ಲದ್ದೇ? ತಾಯಿಯ ಹೊಟ್ಟೆಯಲ್ಲಿ ಅಡ್ಡ ಮಲಗಿದ್ದನಂತೆ ಧೀರ. ಒಂದು ಹಗಲು ಒಂದು ರಾತ್ರಿ ಆ ತಾಯಿ ಚೀರಿದ ಮೇಲೆ, ಕೈಹಾಕಿ ತಿರುಗಿಸಿ ಹೊರಗೆಳೆದವಳು ದೇವವ್ವನ ಅತ್ತೆ, ಊರಿನ ಸೂಲಗಿತ್ತಿ. ಕೂಸು ಅತ್ತ ಕೂಡಲೇ ಆ ಮುದುಕಿ ಕೂತ ಜಾಗವನ್ನು ಸಗಣಿಯಿಂದ ಸಾರಿಸಿ, ಹಿತ್ತಲ ಬಾಗಿಲಿನಿಂದ ಎರಡು ಸೇರು ಜೋಳ ಎಸೆದು ಕಳಿಸಿದ್ದರು. ಅತ್ತೆಯ ನಂತರ ಅದೇ ಕೆಲಸ ದೇವವ್ವ ಮಾಡಿದಳು, ಹೆರಿಗೆಗಳೆಲ್ಲ ಆಸ್ಪತ್ರೆ ಸೇರುವ ತನಕ. ಅಂಥ ಉಪಕಾರಕ್ಕೆ ಇಂಥ ಬಾಯಿ. ಥೂ!

"ಸಾಬಾಣ ಹಚ್ಚಿ ಮಾರಿ ತೊಳಿಸು" ಎಂದಳು ಮೇಡಂ.

ತೊಳೆಸಿದ್ದಾಯಿತು. ಕೆಂಪು. ಬಿಂದಿ ತೆಗೆಸಿದ್ದಾಯಿತು. ಕೆಂಪು. ಮೇಡಂ ಕರ್ಚೀಫಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಆ ಬಟ್ಟೆಯ ಮೇಲಿಂದಲೇ ಪ್ರಿಯಾಂಕಾಳ ಗದ್ದ ಹಿಡಿದು ಬಿಸಿಲ ಕಡೆ ತಿರುಗಿಸಿದಳು. ಬಟ್ಟೆ ಅಡ್ಡವಿದ್ದರೆ ಮೈಲಿಗೆ ತಟ್ಟುವುದಿಲ್ಲವೆಂದು ಯಾವ ತರಬೇತಿಯಲ್ಲಿ ಕಲಿಸಿದ್ದರೋ!

"ಗಲ್ಲಾ ಒಳಗ ಎಳ್ಕೋ. ಇನ್ನೂ ಎಳ್ಕೋ! ತಿಂದು ತಿಂದು ಹೆಂಗ ಉಬ್ಬಿ ನೋಡು."

ಪ್ರಿಯಾಂಕಾ ಗಲ್ಲ ಎಳೆದುಕೊಂಡು ನಿಂತಳು. ಮತ್ತೆ ನಗೆ. ಮತ್ತೆ ಕೆಂಪು.

ಹೊಸ ಫೋಟೋ ಹಾಕಬೇಕೆಂದರೆ ಗಂಡನ ನಂಬರಿಗೆ ಓಟಿಪಿ ಹೋಗುತ್ತದಂತೆ. ಗಂಡ ಸೋಮೇಶ ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

"ಅತ್ತಿ" ಎಂದಳು ಪ್ರಿಯಾಂಕಾ ಮೆಲ್ಲಗೆ. "ತಲಿ ಸಿಡ್ಯಾಕತ್ತೈತಿ. ಕಣ್ಣಮುಂದ ಕಿಡಿ ಹಾರಾಕತ್ತಾವು. ಯಾರೂ ನೆಟ್ಟಗ ಕಾಣವಲ್ರು."

ದೇವವ್ವ ಆಗ ಸೊಸೆಯ ಮುಖ ನೋಡಿದಳು. ದಿನಾ ನೋಡುವವಳು ನೋಡುವ ಹಾಗಲ್ಲ, ಹೆರಿಗೆಗೆ ಕರೆಸಿಕೊಂಡ ಮನೆಯಲ್ಲಿ ನೋಡುತ್ತಿದ್ದ ಹಾಗೆ. ರೆಪ್ಪೆ ಬಾತು ಕಣ್ಣು ಗೀಟಿನಷ್ಟಾಗಿತ್ತು. ಮೂಗು ಅಗಲವಾಗಿತ್ತು. ತುಟಿ ದಪ್ಪಗಾಗಿತ್ತು. ಪಾದ ಬಾತು ಕಾಲುಂಗುರ ಮಾಂಸದೊಳಗೆ ಹೂತು ಮೂರು ದಿನವಾಗಿತ್ತು. ಅದನ್ನು ಕಂಡು ಇವಳೇ ಹಿಗ್ಗಿದ್ದಳು. ಕಾಲು ಬಾತರೆ ಗಂಡು ಎಂದು ಗಂಡ ಉಡಚಪ್ಪನಿಗೆ ಹೇಳಿ, ಕೇರಿಗೆಲ್ಲ ಸಾರಿ, ಸಕ್ಕರೆ ಹಂಚಿದ್ದಳು!

ಫೋನು ಸುಳ್ಳು ಹೇಳಿರಲಿಲ್ಲ. ಇದು ಪ್ರಿಯಾಂಕಾಳ ಮುಖವಾಗಿ ಉಳಿದಿರಲಿಲ್ಲ. ಜೀವವಿಲ್ಲದ ಡಬ್ಬಿಗೆ ತಿಳಿದದ್ದು ಮೂವತ್ತು ವರ್ಷ ಸೂಲಗಿತ್ತಿತನ ಮಾಡಿದ ದೇವವ್ವನಿಗೆ ತಿಳಿದಿರಲಿಲ್ಲ. ಶಿಗ್ಲಿಯಲ್ಲಿ ಒಬ್ಬಳು ಹೀಗೇ ಬಾತು, ಕೈಕಾಲು ಸೆಟೆದು, ಹೊಟ್ಟೆಯ ಕೂಸಿನ ಸಮೇತ ಇವಳ ತೊಡೆಯ ಮೇಲೇ ಸತ್ತಿದ್ದಳು.

"ಗುಲ್ನಾಜವ್ವ! ಜಲ್ದಿ ಬಾ, ಇಕಿದು ಬಿಪಿ ನೋಡು."

ನರ್ಸ್ ಗುಲ್ನಾಜ ಓಡಿಬಂದವಳು ಅರ್ಧದಲ್ಲೇ ನಿಂತಳು. ಉಪಕೇಂದ್ರದ ಹಳೆಯ ಬಿಪಿ ಮಷಿನ್ ಕೆಟ್ಟು ನಾಲ್ಕು ತಿಂಗಳಾಗಿತ್ತು. ಹೊಸದು ಸ್ಟೇಜಿನ ಮೇಜಿನ ಮೇಲಿತ್ತು, ಕುಂಕುಮ ಹಚ್ಚಿಸಿಕೊಂಡು, ಕೆಂಪು ರಿಬ್ಬನ್ ಕಟ್ಟಿಸಿಕೊಂಡು.

"ಏ ನರ್ಸ್, ಅದನ್ನ ಮುಟ್ಟಬ್ಯಾಡ" ಸಕ್ರಪ್ಪ ಅಡ್ಡ ಬಂದ. "ಸಾಹೇಬ್ರು ರಿಬ್ಬನ್ ಕತ್ತರಸೂತನ ಅದು ಹಂಗ ಇರಬೇಕು. ಮತ್ತ ಮೊದಲನೇದ್ದು ಇಕಿ ಕೈಗೇ ಕಟ್ತೀಯೇನು? ಊರಾಗಿನ ಹೆಣಮಕ್ಕಳು ಆಮ್ಯಾಲ ಅದನ್ನ ಕಟ್ಟಿಸ್ಕೊಂತಾರೇನು?"

"ಅಧ್ಯಕ್ಷರ, ಆಕಿ ಮಾರಿ ನೋಡ್ರಿ..." ಎಂದಳು ಗುಲ್ನಾಜ.

"ಮಾರಿ ಹೊಂದಿಲ್ಲಲ್ಲ! ಯಾರಂತನೂ ಗೊತ್ತಿಲ್ದಾಕಿಗೆ ಏನ್ ಬಿಪಿ?"

ದೇವವ್ವ ಸ್ಟೇಜು ಹತ್ತಿದಳು. ಆ ಊರಿನಲ್ಲಿ ಕೆಳಗಿನ ಕೇರಿಯ ಹೆಂಗಸು ಸ್ಟೇಜು ಹತ್ತಿದ್ದು ಅದೇ ಮೊದಲು. ಅವಳಿಗೆ ಅದರ ಪರಿವೆಯೂ ಇರಲಿಲ್ಲ. ಮಷಿನನ್ನು ಎತ್ತಿಕೊಂಡು, ರಿಬ್ಬನ್ನಿಗೆ ಬಾಯಿ ಹಾಕಿ, ಹಲ್ಲಿನಿಂದ ಕಚ್ಚಿ ಹರಿದಳು. ತುಂಡನ್ನು ಸಕ್ರಪ್ಪನ ಕಾಲಬುಡಕ್ಕೆ ಉಗಿದಳು.

"ಆತ ನೋಡ, ಉದ್ಘಾಟನಿ ಆತು. ಕಟ್ಟವ್ವ ಗುಲ್ನಾಜ."

ಸಕ್ರಪ್ಪ ಬಾಯಿ ತೆರೆದ. "ಬಾಯಿ ಮುಚ್ಚಲೇ ಭಾಡ್ಯಾ" ಎಂದಳು ದೇವವ್ವ. "ನಮ್ಮತ್ತಿ ಕೈ ಅವತ್ತ ಮೈಲಿಗಿ ಆಗಿದ್ರ ನೀ ಇವತ್ತ ಮಾತಾಡಾಕ ಇರತಿದ್ದಿಲ್ಲ."

ಗುಲ್ನಾಜ ಪಟ್ಟಿ ಕಟ್ಟಿದಳು. ನೂರಾ ಎಂಬತ್ತೆಂಟು, ಕೆಳಗೆ ನೂರಾ ಇಪ್ಪತ್ತು.

"ದೇವವ್ವ, ಇಕಿನ್ನ ಈಗಿಂದೀಗ ಗದಗಿಗೆ ಒಯ್ಯಬೇಕು. ತಡಾ ಆದ್ರ ತಾಯಿನೂ ಇಲ್ಲ, ಕೂಸೂ ಇಲ್ಲ."

ಅಂಬುಲೆನ್ಸಿಗೆ ಫೋನು ಹಚ್ಚಿದಳು. ಗಾಡಿ ಮುಂಡರಗಿಯ ಕಡೆಗೆ ಹೋಗಿದೆ, ಒಂದೂವರೆ ತಾಸಾದೀತು ಎಂದರು. ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಸಾಹೇಬರ ಬಿಳಿ ಗಾಡಿ ಧೂಳೆಬ್ಬಿಸುತ್ತ ಬಂದು ಪೆಂಡಾಲಿಗೆ ಮೂತಿ ಹಚ್ಚಿ ನಿಂತಿತು. ಸಕ್ರಪ್ಪ ಎಲ್ಲ ಮರೆತು ಹಾರ ಹಿಡಿದು ಓಡಿದ.

ಸಾಹೇಬರು ಇಳಿದರು. ಹಾರಕ್ಕೆ ಕೊರಳು ಬಗ್ಗಿಸುತ್ತಲೇ ಮೇಡಂನನ್ನು ಕೇಳಿದರು, "ಎಲ್ಲಾ ಹಸಿರೇನ್ರಿ?"

ಅವರ ಬೆನ್ನ ಹಿಂದೆ ದೇವವ್ವ, ಗುಲ್ನಾಜ ಇಬ್ಬರೂ ಪ್ರಿಯಾಂಕಾಳ ತೋಳು ಹಿಡಿದು ತಂದು, ಬಾಗಿಲು ತೆರೆದು, ಬಿಳಿ ಟವೆಲ್ ಹಾಸಿದ ಹಿಂದಿನ ಸೀಟಿನ ಮೇಲೆ ಮಲಗಿಸಿದರು.

"ಏಯ್, ಏಯ್! ಸರ್ಕಾರಿ ಗಾಡಿ ಅದು, ಇಳಸ್ರಿ ಅವಳನ್ನ!" ಸಾಹೇಬರು ಕೊರಳಲ್ಲಿ ಅರ್ಧ ಹಾರ ಇಟ್ಟುಕೊಂಡೇ ತಿರುಗಿದರು. "ಕಾರ್ಯಕ್ರಮ ಮುಗೀಲಿ, ಆಮೇಲೆ ಏನಾದ್ರೂ ವ್ಯವಸ್ಥಾ ಮಾಡಿಸೋಣ."

ಪ್ರಿಯಾಂಕಾಳ ಕೈ ಸೆಟೆಯಿತು. ಹಲ್ಲು ಕಚ್ಚಿತು. ಮೈಯೆಲ್ಲ ಅದುರತೊಡಗಿತು, ಬಾಯಿಂದ ನೊರೆ ಬಂತು. ಗುಲ್ನಾಜ ಒಳಗೆ ನುಗ್ಗಿ ಅವಳನ್ನು ಎಡಮಗ್ಗುಲಾಗಿ ಹೊರಳಿಸಿ ಹಿಡಿದಳು.

ಡ್ರೈವರ್ ದಸ್ತಗೀರಸಾಬ ಹಿಂತಿರುಗಿ ಆ ಹುಡುಗಿಯನ್ನು ನೋಡಿದ. ಸಾಹೇಬರನ್ನು ನೋಡಲಿಲ್ಲ. "ಮುಂದ ಹತ್ತವ್ವ" ಎಂದು ದೇವವ್ವನಿಗೆ ಹೇಳಿ ಕೀಲಿ ತಿರುವಿದ.

ದೇವವ್ವ ಸಾಹೇಬರ ಸೀಟಿನಲ್ಲಿ ಕೂತಳು.

"ದಸ್ತಗೀರ, ನಿನ್ನ ನೌಕರಿ ಹೋಗತೈತಿ! ಏ ಮುದುಕಿ, ಕೇಸ್ ಹಾಕಿಸ್ತೀನಿ ನಿನ್ನ ಮೇಲೆ. ಏನ್ ನಿನ್ನ ಹೆಸರು?"

ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ದೇವವ್ವ. ಕೆಳಗಿನ ಕೇರಿ ಉಡಚಪ್ಪನ ಹೇಂತಿ. ತಪ್ಪಿಲ್ಲದಂಗ ಬರ್ಕೋ. ಇಕಿ ಉಳದ್ರ ನಿನ್ನ ಗಾಡಿ ನಿನಗ ಮುಟ್ಟತೈತಿ. ಸತ್ಲಂದ್ರ ಇದ ಗಾಡ್ಯಾಗ ಹೆಣಾ ತಂದು ಇದ ಸ್ಟೇಜಿನ ಮ್ಯಾಲೆ ಮಲಗಸ್ತೀನಿ. ನಾ ಬರೂತನ ಪೆಂಡಾಲ ಬಿಚ್ಚಬ್ಯಾಡ್ರಿ."

ಗಾಡಿ ಗದಗಿನ ರಸ್ತೆ ಹಿಡಿಯಿತು. ಸಾಹೇಬರು ಯಾರದೋ ಬೈಕಿನ ಹಿಂದೆ ಕೂತು ಹೋದರು. ಸಕ್ರಪ್ಪ ಪೆಂಡಾಲು ಬಿಚ್ಚಲು ಹೇಳಿ ಹೇಳಿ ಬಾಯಿ ನೋಯಿಸಿಕೊಂಡ. ಕಂಬ ನೆಟ್ಟವರೂ ಹಗ್ಗ ಬಿಗಿದವರೂ ಕೆಳಗಿನ ಕೇರಿಯ ಆಳುಗಳು. ಹೊತ್ತು ಮುಳುಗಿದರೂ ಅವರಲ್ಲಿ ಒಬ್ಬನೂ ಒಂದು ಗೂಟ ಕೀಳಲಿಲ್ಲ. ಸ್ಟೇಜಿನ ಸುತ್ತ ಕೂತು ರಸ್ತೆಯನ್ನೇ ನೋಡುತ್ತಿದ್ದರು.